ಚೊಗರಿನ ಲೇಖನ: ಈಗಿರುವ ಹಾಗೆ ಹಾಕಲು ಆಗದು

ಕೊಪ್ಪದ ಗೆಳೆಯರೇ, ನಮಸ್ಕಾರ.

ನಿಮ್ಮ ‘ತುಕ್ಕಿಗೆ ಅಡಿಕೆ ಚೊಗರೇ ಮದ್ದು’ ಲೇಖನ ಓದಿದೆ. ಅಡಿಕೆ ಬೇಯಿಸಿದಾಗ ಉಳಿಯುವ ಒಗರು ರಸ, ಅಂದರೆ ಚೊಗರು, ಬಳಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯದು ಎಂಬುದು ನಿಮ್ಮ ವಾದ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ.

ಮೊದಲ ಎರಡು ಪುಟ ತೆಗೆಯಿರಿ. ದೆಹಲಿಯ ಕಬ್ಬಿಣದ ಕಂಬಕ್ಕೆ ಗಿಡದ ರಸ ಬಳಿದಿದ್ದರು ಎಂದಿದ್ದೀರಿ. ಅದು ಉಳಿದಿರುವುದಕ್ಕೆ ಮುಖ್ಯ ಕಾರಣ ಆ ಕಬ್ಬಿಣದಲ್ಲಿ ಜಾಸ್ತಿ ಇರುವ ರಂಜಕ. ಅದರಿಂದ ಮೇಲೆ ಕಾಪಾಡುವ ಪದರ ಕಟ್ಟಿದೆ. ಇನ್ನು ಕುದುರೆಮುಖದ ಕಬ್ಬಿಣದ ಗಣಿ? ನಮ್ಮ ಜಿಲ್ಲೆಯದು ಅಂತ ಸುಮ್ನೆ ಸೇರಿಸಿದ್ದು, ಅಲ್ವಾ?

ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ಅಡಿಕೆ ಬೇಯಿಸುವ ಹಂಡೆಯ ಹತ್ತಿರ. ಚೊಗರು ತಾಗಿದ ಕತ್ತಿ ಕಪ್ಪಾಗುವುದನ್ನು ಚೆನ್ನಾಗಿ ಗಮನಿಸಿದ್ದೀರಿ. ಆದರೆ ಕಪ್ಪಾಯಿತು ಎಂದ ಮಾತ್ರಕ್ಕೆ ತುಕ್ಕು ನಿಂತಿತು ಎಂದಲ್ಲ. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿದರೆ ಆ ಬಣ್ಣ. ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದೂ ಹೀಗೆಯೇ. ಕಬ್ಬಿಣ ಒಂದಿಷ್ಟು ಕರಗದೆ ಅದು ಬರುವುದೇ ಇಲ್ಲ.

ಲೋಹ ಸವೆಯದಂತೆ ತಡೆಯುತ್ತವೆಯೇ ಎಂದು ಗಿಡದ ರಸಗಳನ್ನು ಹೆಚ್ಚಾಗಿ ಪರೀಕ್ಷಿಸಿರುವುದು ಆಸಿಡ್‌ನಲ್ಲಿ. ಉಕ್ಕಿನ ಮೇಲಿನ ತುಕ್ಕು, ಪೊರೆ ತೆಗೆಯಲು ಕಾರ್ಖಾನೆಯಲ್ಲಿ ಅದನ್ನು ಹೈಡ್ರೋಕ್ಲೋರಿಕ್ ಆಸಿಡ್‌ಗೆ ಅದ್ದುತ್ತಾರೆ. ಆಸಿಡ್ ತುಕ್ಕು ತಿಂದು ಸುಮ್ಮನಿರದು, ಉಕ್ಕನ್ನೂ ತಿನ್ನುತ್ತದೆ. ಆ ಆಸಿಡ್‌ಗೆ ಗಿಡದ ರಸ ಬೆರೆಸಿದರೆ ರಸದ ಅಣುಗಳು ಲೋಹಕ್ಕೆ ಅಂಟಿಕೊಂಡು ಅಡ್ಡ ನಿಲ್ಲುತ್ತವೆ. ಅಂಟುವುದು ಆಮ್ಲಜನಕ, ಸಾರಜನಕ ಇರುವ ಕಡೆಯಿಂದ. ಬಿಸಿ ಏರಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತವೆ. ಇದೆಲ್ಲ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ! ಬದಲಿಗೆ ಗೇಟಿಗೆ ಚೊಗರು ಬಳಿಯಿರಿ ಎಂದಿದ್ದೀರಿ. ಬರೀ ಚೊಗರು ನಿಮ್ಮೂರಿನ ಮಳೆಗೆ ನಿಲ್ಲುತ್ತದೆಯೇ?

‘ಶೇ. 90ರಷ್ಟು ತಡೆಯುತ್ತದೆ’ ಎಂಬ ಮಾತು ಎಲ್ಲಿಂದ ಬಂತು? ಚೊಗರಿನಲ್ಲಿ ಒಂದು ಮೊಳೆ ಇಟ್ಟಿರಿ. ಹೋಲಿಸಲು ಇನ್ನೊಂದಿಲ್ಲ, ತೂಕವೂ ಇಲ್ಲ. ಒಂದೇ ಅಳತೆಯ ಎರಡು ಉಕ್ಕಿನ ತುಂಡು ಬೇಕು. ಒಂದು ಬರೀ ಆಸಿಡ್‌ಗೆ, ಇನ್ನೊಂದು ಚೊಗರು ಬೆರೆತ ಆಸಿಡ್‌ಗೆ, ಅಷ್ಟೇ ಹೊತ್ತು, ಅಷ್ಟೇ ಬಿಸಿ. ಮೊದಲನೆಯದು 100 ಮಿಲಿಗ್ರಾಂ ಸವೆದು ಎರಡನೆಯದು 20 ಸವೆದರೆ ಶೇ. 80 ಎನ್ನಿ. ಮನೆಯಲ್ಲಿ ಆಸಿಡ್ ಮುಟ್ಟಬೇಡಿ. ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರನ್ನು ಕೇಳಿ, ಅಷ್ಟು ಸೂಕ್ಷ್ಮದ ತಕ್ಕಡಿ ಅಲ್ಲಿ ಸಿಗುತ್ತದೆ.

‘ಪ್ರಕೃತಿದತ್ತ, ಆದ್ದರಿಂದ ಅಪಾಯವಿಲ್ಲ’ ಎಂಬ ಸಾಲು ಹೊಡೆದುಹಾಕಿ. ಅಡಿಕೆ ಬೆಳೆಯುವವರು ಇದನ್ನು ಬರೆಯಬಾರದಪ್ಪ! ತುಕ್ಕು ತಡೆಯಲು ಬಳಸುವ ಕ್ರೋಮೇಟ್ ಎಂಬ ರಾಸಾಯನಿಕ ವಿಷಕಾರಿ, ಅದಕ್ಕೆ ಬದಲಿ ಹುಡುಕುತ್ತಿದ್ದಾರೆ ಎಂದರೆ ಸಾಕು.

800 ಪದದೊಳಗೆ ತಿದ್ದಿ ಕಳಿಸಿ. ಚೊಗರು ಕಾಯಿಸುವ ಫೋಟೊ ಇದ್ದರೆ ಜೊತೆಗಿರಲಿ.

– ಸಂಪಾದಕ, ಚಿಕ್ಕಮಗಳೂರು