ಹುಳು ಜ್ವರಕ್ಕೆ ಕೂತಾಗ ರೇಟು ನೋಡಬೇಡಿ

ಸ್ಪರ್ಧಾ ಪರೀಕ್ಷೆಗೆ ಓದಲು ಕೂತರೆ ರ್‍ಯಾಂಕ್ ಬರುತ್ತೋ ಇಲ್ವೋ ಅನ್ನೋದೇ ತಲೆಯಲ್ಲಿ ಓಡುತ್ತದೆ, ಗಮನ ಕೆಲಸದ ಮೇಲಿರಬೇಕಾ ಫಲಿತಾಂಶದ ಮೇಲಾ ಅಂತ ಕೇಳಿದ್ದೀರಿ. ನನಗೆ ಚೆನ್ನಾಗಿ ಗೊತ್ತಿರುವುದು ರೇಷ್ಮೆ, ಅದರಿಂದಲೇ ಹೇಳುತ್ತೇನೆ.

ನಮ್ಮದು ಕನಕಪುರದ ಕಡೆ. ಹುಳು ಸಾಕಣೆ ಅಂದರೆ 25ರಿಂದ 28 ದಿನದ ಕೆಲಸ. ಅಷ್ಟರಲ್ಲಿ ಹುಳು 4 ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಇದ್ದು ಪೊರೆ ಕಳಚುತ್ತದೆ. ಆಗ ಸೊಪ್ಪು ಕೊಡಬಾರದು. ಸುಣ್ಣದ ಪುಡಿ ಉದುರಿಸಿ, ಹೆಚ್ಚೂ ಕಡಿಮೆ ಎಲ್ಲವೂ ಏಳುವ ತನಕ ಸುಮ್ನೆ ಕಾಯಬೇಕು.

ಒಂದು ಬೆಳೆಯಲ್ಲಿ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ರೇಟು ಏರುತ್ತಿತ್ತು. ದಿನಕ್ಕೆ ಹತ್ತು ಸಲ ಮೊಬೈಲ್ ನೋಡುತ್ತಿದ್ದೆ. ನಾಲ್ಕನೇ ಜ್ವರದಲ್ಲಿ ಮುಕ್ಕಾಲು ಪಾಲು ಹುಳು ಎದ್ದಿದ್ದವು ಅಷ್ಟೇ, ಆದರೂ ಮಾರುಕಟ್ಟೆಗೆ ಒಂದು ದಿನ ಮುಂಚೆ ಹೋಗಬಹುದು ಅನ್ನುವ ಆಸೆಗೆ ಸೊಪ್ಪು ಹಾಕಿಬಿಟ್ಟೆ. ಅಮ್ಮ ಒಂದು ಕಡ್ಡಿ ಎತ್ತಿ, ಅಡಿಯಲ್ಲಿ ತಲೆ ಎತ್ತಿಕೊಂಡೇ ಕೂತಿದ್ದ ಹುಳು ತೋರಿಸಿ, "ಇವು ಇನ್ನೂ ಎದ್ದೇ ಇಲ್ವಲ್ಲೋ" ಅಂದರು. ಆಮೇಲೆ ಒಂದೇ ಹಾಸಿಗೆಯಲ್ಲಿ ಕೆಲವು ಹಣ್ಣಾಗಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದರೆ, ಪಕ್ಕದಲ್ಲೇ ಸಣ್ಣವು ಇನ್ನೂ ತಿನ್ನುತ್ತಿದ್ದವು. ಹಣ್ಣಾದವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಟ್ಟೆವು, ರಾತ್ರಿ ಪೂರ್ತಿ. ಬೇಗ ಆಗಲಿ ಅಂದುಕೊಂಡಿದ್ದು ಎರಡು ದಿನ ತಡವಾಯಿತು, ತೆಳು ಗೂಡೂ ಜಾಸ್ತಿ ಬಂತು.

ಹಾಗಂತ ಫಲಿತಾಂಶದ ಯೋಚನೆಯೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಷ್ಟು ಮೊಟ್ಟೆ ಸಾಕಬೇಕು, ತೋಟದಲ್ಲಿ ಎಷ್ಟು ಸೊಪ್ಪಿದೆ, ಸಾಲದ ಕಂತು ಯಾವಾಗ, ಇದನ್ನೆಲ್ಲ ನೋಡದೆ ಬೆಳೆಗೆ ಕೈ ಹಾಕಿದರೆ ಮನೆ ಮುಳುಗುತ್ತದೆ. ಆದರೆ ಆ ಲೆಕ್ಕ ಚಾಕಿ ಹುಳು, ಅಂದರೆ ಮರಿ ಹುಳು, ತರುವ ಮುಂಚೆಯೇ ಮುಗಿದಿರಬೇಕು. ಕಷ್ಟ ಏನಂದರೆ, ಕೊನೆಯ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ಹುಳು ಇಡೀ ಬೆಳೆಯ ಮುಕ್ಕಾಲಿಗಿಂತ ಜಾಸ್ತಿ ಸೊಪ್ಪು ತಿನ್ನುತ್ತದೆ, ಮನಸ್ಸು ಹರಾಜಿನ ಕಡೆ ಎಳೆಯುವುದೂ ಸರಿಯಾಗಿ ಆಗಲೇ. ಪರೀಕ್ಷೆ ಹತ್ತಿರ ಬಂದಾಗ ನಿಮಗೂ ಹೀಗೇ ಆಗುತ್ತಿರಬೇಕು, ಅಲ್ವಾ?

ಯಾವ ಪರೀಕ್ಷೆ, ಎಷ್ಟು ಸಲ ಬರೆಯುವುದು, ಅಲ್ಲಿ ತನಕ ಖರ್ಚಿಗೆ ಏನು ದಾರಿ, ಒಂದು ಭಾನುವಾರ ಮನೆಯವರ ಜೊತೆ ಕೂತು ತೀರ್ಮಾನಿಸಿ ಬರೆದಿಡಿ. ಮಾರನೇ ದಿನ ಪುಸ್ತಕ ತೆಗೆದಾಗ, ಹಿಂದಿನ ಸಲ ತಪ್ಪಾದ ಲೆಕ್ಕ ಯಾವುದೋ ಅದನ್ನೇ ಮೊದಲು ಹಿಡಿಯಿರಿ. ನಾನಂತೂ ಈಗ ಹುಳು ಮನೆಗೆ ಹೋಗುವಾಗ ಮೊಬೈಲನ್ನು ಜಗಲಿ ಮೇಲೆ ಇಟ್ಟು ಹೋಗುತ್ತೇನೆ.