ಮೊಣಕಾಲ ಕೆಳಗಿನ ಪಟ್ಟಿ, ಗಂಜಿ ಹಾಕಿದ ಕಾಲರು

ಪ್ರಶ್ನೆ: ಟೈಲರಣ್ಣಾ, ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಮಾಡಿಸುತ್ತಿದ್ದೇನೆ. 1910ರ ಸುಮಾರಿಗೆ ಅಮೆರಿಕದ ಒಂದು ಖಾಸಗಿ ವಸತಿಶಾಲೆಯಲ್ಲಿ ನಡೆಯುವ ಕಥೆ. ಐದನೇ ಕ್ಲಾಸಿನಿಂದ ಹತ್ತರವರೆಗಿನ ಒಂಬತ್ತು ಹುಡುಗರಿದ್ದಾರೆ. ಎಲ್ಲರಿಗೂ ಉದ್ದ ಪ್ಯಾಂಟು, ಬ್ಯಾಡ್ಜಿನ ನೀಲಿ ಕೋಟು, ಟೈ ಹಾಕಿಸಿದರೆ ಸಾಕಲ್ಲವೇ?
– ಒಬ್ಬ ಟೀಚರ್, ಪೆರ್ಲ

ಉತ್ತರ: ಸಾಲದು ಟೀಚರೇ. ಒಂಬತ್ತು ಮಂದಿಗೂ ಒಂದೇ ಉದ್ದ ಪ್ಯಾಂಟು ಹಾಕಿಸಿದರೆ ಕಥೆಯ ಕಾಲವೇ ಕೆಟ್ಟುಹೋಗುತ್ತದೆ. ಆಗ ಅಲ್ಲಿ ಹುಡುಗನ ಪ್ರಾಯ ತಿಳಿಯುತ್ತಿದ್ದದ್ದು ಅವನ ಕಾಲು ನೋಡಿ. ಸುಮಾರು ಹದಿನಾಲ್ಕು ಹದಿನೈದು ತುಂಬುವವರೆಗೆ ನಿಕ್ಕರ್‌ಬಾಕರ್, ಆಮೇಲೆ ಉದ್ದ ಪ್ಯಾಂಟು. ನಮ್ಮ ಕಾಲದಲ್ಲಿ ಇಲ್ಲಿಯೂ ಹಾಗೆಯೇ ಇತ್ತು. ಎಂಟನೇ ಕ್ಲಾಸಿಗೆ ಚಡ್ಡಿ ಬಿಟ್ಟು ಮುಂಡು ಉಟ್ಟು ಹೊರಟ ದಿನ ಅಮ್ಮ ಜಗಲಿಯಲ್ಲಿ ನಿಂತು ನಾನು ತೋಟ ದಾಟುವವರೆಗೂ ನೋಡುತ್ತಿದ್ದರು. ನಿಮ್ಮ ದೊಡ್ಡ ಹುಡುಗರಿಗೆ ಮಾತ್ರ ಉದ್ದ ಪ್ಯಾಂಟು ಕೊಡಿ.

ನಿಕ್ಕರ್‌ಬಾಕರ್ ಎಂದರೆ ನಮ್ಮ ಚಡ್ಡಿಯಲ್ಲ. ಮೊಣಕಾಲಿನ ಕೆಳಗೆ ಪಟ್ಟಿ ಬಿಗಿದು ಬಕಲ್ ಹಾಕುವ ಸಡಿಲ ಪ್ಯಾಂಟು. ವಾಷಿಂಗ್ಟನ್ ಇರ್ವಿಂಗ್ 1809ರಲ್ಲಿ ನ್ಯೂಯಾರ್ಕಿನ ಚರಿತ್ರೆ ಬರೆದಾಗ ನಿಕ್ಕರ್‌ಬಾಕರ್ ಎಂಬ ಡಚ್ ಮುದುಕನೊಬ್ಬನನ್ನು ಕಲ್ಪಿಸಿದ, ಹೆಸರು ಬಂದದ್ದು ಅಲ್ಲಿಂದ. ನಾವು ‘ನಿಕ್ಕರ್’ ಎನ್ನುವುದು ಅದರ ತುಂಡು. ಹೊಲಿಸುವಾಗ ಮೊಣಕಾಲಿಗಿಂತ ನಾಲ್ಕಿಂಚು ಬಟ್ಟೆ ಹೆಚ್ಚು ಬಿಟ್ಟು, ನೆರಿಗೆ ಹಿಡಿದು ಪಟ್ಟಿಗೆ ಕೂಡಿಸಲಿ. ಆಗ ಬಟ್ಟೆ ಪಟ್ಟಿಯ ಮೇಲೆ ಇಳಿಬಿದ್ದು ಚೆಂದ ಕಾಣುತ್ತದೆ. ಕೆಳಗೆ ಕಪ್ಪು ಉದ್ದ ಕಾಲುಚೀಲ, ಫುಟ್ಬಾಲಿನದ್ದು ಸಾಕು.

ಬ್ಯಾಡ್ಜಿನ ಕೋಟು ಬೇಡವೇ ಬೇಡ. ಅಲ್ಲಿನ ಹೆಚ್ಚಿನ ಖಾಸಗಿ ಶಾಲೆಗಳಲ್ಲಿ ಇಂಗ್ಲೆಂಡಿನ ಹಾಗೆ ಯೂನಿಫಾರ್ಮ್ ಇರಲಿಲ್ಲ, ಹುಡುಗರು ಮನೆಯಿಂದ ತಂದ ಸೂಟನ್ನೇ ಹಾಕುತ್ತಿದ್ದರು. ಹಿತ್ತಾಳೆ ಗುಂಡಿಯ ಸಮವಸ್ತ್ರ ಇದ್ದದ್ದು ಮಿಲಿಟರಿ ಶಾಲೆಗಳಲ್ಲಿ. ನೀವು ನಾರ್ಫೋಕ್ ಕೋಟು ಹೊಲಿಸಿ: ಎದುರಿಗೆ ಎರಡು ಉದ್ದ ಮಡಿಕೆ, ನಡುವಿಗೆ ಅದೇ ಬಟ್ಟೆಯ ಬೆಲ್ಟು. ಅವರದ್ದು ದಪ್ಪ ಉಣ್ಣೆ. ನಮ್ಮ ಸೆಕೆಗೆ ಬೂದು ಅಥವಾ ಕಂದು ಟೆರಿಕಾಟನ್ ಮಾಡಿ.

ಆದರೆ ನಿಜವಾದ ಕೆಲಸ ಇರುವುದು ಕಾಲರಿನಲ್ಲಿ. ಅಂಗಿಗೆ ಹೊಲಿಯದ, ಹಿಂದೆ ಒಂದು, ಮುಂದೆ ಒಂದು ಗುಂಡಿಯಿಂದ ಸಿಕ್ಕಿಸುವ ಬಿಳಿ ಕಾಲರು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದಲ್ಲಿ ಇದನ್ನು ಎಷ್ಟು ಮಾಡುತ್ತಿದ್ದರೆಂದರೆ ಆ ಊರಿಗೆ ‘ಕಾಲರ್ ಸಿಟಿ’ ಎಂದೇ ಹೆಸರು. ಚಿಕ್ಕವರಿಗೆ ಕೋಟಿನ ಮೇಲೆ ಬೀಳುವ ಅಗಲದ ಈಟನ್ ಕಾಲರು, ದೊಡ್ಡವರಿಗೆ ಕುತ್ತಿಗೆಗೆ ಎದ್ದು ನಿಲ್ಲುವಂಥದ್ದು. ಮ್ಯಾಸಚೂಸೆಟ್ಸಿನ ಗ್ರೋಟನ್ ಶಾಲೆಗೆ, ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1896ರಲ್ಲಿ ಹದಿನಾಲ್ಕರ ಪ್ರಾಯದಲ್ಲಿ ಸೇರಿದರು. ಶ್ರೀಮಂತರ ಮಕ್ಕಳ ಶಾಲೆಯಾದರೂ ಬೆಳಿಗ್ಗೆ ತಣ್ಣೀರ ಸ್ನಾನ. ರಾತ್ರಿ ಊಟಕ್ಕೆ ಮಾತ್ರ ಗಟ್ಟಿ ಕಾಲರು, ಹೊಳೆಯುವ ಚರ್ಮದ ಶೂ ಹಾಕಿಯೇ ಬರಬೇಕು. ನಾಟಕದಲ್ಲಿ ಊಟದ ದೃಶ್ಯವಿದ್ದರೆ ಇದನ್ನು ಬಿಡಬೇಡಿ.

ನನ್ನ ಅಪ್ಪ ಕಾಸರಗೋಡಿನ ವಕೀಲರಿಗೆ ಇಂಥ ಕಾಲರು ಹೊಲಿದು ಕೊಡುತ್ತಿದ್ದರು. ಎರಡು ಪದರ ಲಾಂಗ್‌ಕ್ಲಾತ್, ನಡುವೆ ಕ್ಯಾನ್ವಾಸ್. ಗಂಜಿಗೆ ಕುಚ್ಚಲಕ್ಕಿ ಮುಟ್ಟುತ್ತಿರಲಿಲ್ಲ, ಬಿಳಿ ಬಟ್ಟೆ ಕೆಂಪಗಾಗುತ್ತದೆ. ಬೆಳ್ತಿಗೆ ಅಕ್ಕಿಯ ಗಂಜಿಯನ್ನು ಪಂಚೆಯಲ್ಲಿ ಸೋಸಿ, ಎರಡು ತೊಟ್ಟು ನೀಲಿ ಬಿಟ್ಟು, ಕಾಲರನ್ನು ಅದ್ದಿ ನೆರಳಲ್ಲಿ ಒಣಹಾಕುತ್ತಿದ್ದರು. ಪೂರ್ತಿ ಒಣಗುವ ಮೊದಲೇ ಇಸ್ತ್ರಿ. ಬಿಸಿಯಿರುವಾಗಲೇ ಕಾಲರನ್ನು ಎಡಗೈ ಮುಷ್ಟಿಯ ಸುತ್ತ ಬಗ್ಗಿಸಿ ಹಿಡಿದು, ಬಾಯಲ್ಲಿ ಇಪ್ಪತ್ತು ಎಣಿಸಿ ಬಿಡುತ್ತಿದ್ದರು. ಬೆರಳಿನಿಂದ ತಟ್ಟಿದರೆ ಒಣಗಿದ ಹಾಳೆಯ ಹಾಗೆ ಸದ್ದು ಬರಬೇಕು.

ರಟ್ಟಿನ ಕಾಲರು ಮಾಡಿಸಬೇಡಿ ಟೀಚರೇ, ದೀಪದ ಬಿಸಿಗೆ ಬೆವರಿದರೆ ಎರಡನೇ ದೃಶ್ಯಕ್ಕೇ ಮೆತ್ತಗಾಗುತ್ತದೆ. ಮಕ್ಕಳ ಕುತ್ತಿಗೆಯ ಅಳತೆಗೆ ಅರ್ಧ ಇಂಚು ಸೇರಿಸಿ ಬರೆದು ಕಳುಹಿಸಿ. ಒಂಬತ್ತು ಕಾಲರು ನಾನೇ ಹೊಲಿದು ಪೆರ್ಲದ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ, ಗಂಜಿ ಮಾತ್ರ ನೀವು ಹಿಂದಿನ ದಿನ ಹಾಕಿಕೊಳ್ಳಿ.