ಮಗುವಿನ ರೆಪ್ಪೆಯ ಉರಿಯೂತಕ್ಕೆ ವಾರಗಟ್ಟಲೆ ಆ್ಯಂಟಿಬಯೋಟಿಕ್ ಸಿರಪ್ ಯಾಕೆ?
ಆರು ವರ್ಷದ ಮಗಳ ರೆಪ್ಪೆಯಲ್ಲಿ ಪದೇ ಪದೇ ಗಂಟು, ಕೆಂಪು ಕಣ್ಣು. ಕೆಂಪು ಹೋದ ಮೇಲೆ ಎರಿಥ್ರೊಮೈಸಿನ್ ಸಿರಪ್ ನಿಲ್ಲಿಸಬಹುದೇ, ಅವಳ ಅಣ್ಣನಿಗೆ ಕೊಟ್ಟ ಡಾಕ್ಸಿಸೈಕ್ಲಿನ್ (ಇನ್ನೊಂದು ಆ್ಯಂಟಿಬಯೋಟಿಕ್) ಕೊಡಬಹುದೇ ಎಂದು ಕೇಳಿದ್ದೀರಿ.

ವೈದ್ಯರನ್ನು ಕೇಳದೆ ಸಿರಪ್ ನಿಲ್ಲಿಸಬೇಡಿ. ರೆಪ್ಪೆಯಂಚಿನ ಗ್ರಂಥಿಗಳ ಎಣ್ಣೆಯನ್ನು ಬ್ಯಾಕ್ಟೀರಿಯಾದ ಕಿಣ್ವಗಳು ಕೆಡಿಸುತ್ತವೆ. ಅದು ಗಟ್ಟಿಯಾಗಿ ಗ್ರಂಥಿಯ ಬಾಯಿ ಕಟ್ಟಿಕೊಳ್ಳುತ್ತದೆ, ಕಣ್ಣು ಕೆರಳುತ್ತದೆ. ಎರಿಥ್ರೊಮೈಸಿನ್ ಬ್ಯಾಕ್ಟೀರಿಯಾದ ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ನಿಧಾನವಾಗಿ, ಅದಕ್ಕೇ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಬೇಗ ಬಿಟ್ಟರೆ ಮರುಕಳಿಸುವ ಸಂಭವ ಹೆಚ್ಚು.

ಡಾಕ್ಸಿಸೈಕ್ಲಿನ್ ಬೇಡವೇ ಬೇಡ. 8 ವರ್ಷದೊಳಗಿನ ಮಕ್ಕಳಿಗೆ ಅದು ಸೇರಿರುವ ಟೆಟ್ರಾಸೈಕ್ಲಿನ್ ಗುಂಪಿನ ಔಷಧವನ್ನು ದೀರ್ಘಕಾಲ ಕೊಟ್ಟರೆ ಬೆಳೆಯುತ್ತಿರುವ ಹಲ್ಲುಗಳಿಗೆ ಮಾಸದ ಕಲೆ ಬೀಳಬಹುದು.

ಡೋಸ್ ಮಗುವಿನ ತೂಕದ ಮೇಲೆ ನಿಂತಿದೆ. ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ, 250 ಮಿ.ಗ್ರಾಂ ಎರಡೂ ಬರುತ್ತದೆ. ಬಾಟಲಿ ಬದಲಾದದ್ದು ಗಮನಿಸದಿದ್ದರೆ ಡೋಸ್ ದುಪ್ಪಟ್ಟಾದೀತು. ಚಮಚ ಬಿಟ್ಟು ಸೂಜಿಯಿಲ್ಲದ ಸಿರಿಂಜಿನಲ್ಲೇ ಅಳೆಯಿರಿ. ಹೊಟ್ಟೆನೋವು, ಭೇದಿ ಬರಬಹುದು. ಬೇರೆ ಔಷಧ ನಡೆಯುತ್ತಿದ್ದರೆ, ಹೃದಯದ ತೊಂದರೆಯಿದ್ದರೆ ಮೊದಲೇ ತಿಳಿಸಿ.

ಸಿರಪ್ ಒಂದರಿಂದಲೇ ಆಗದು. ದಿನಕ್ಕೆರಡು ಸಲ 5ರಿಂದ 10 ನಿಮಿಷ ಬೆಚ್ಚಗಿನ ಬಟ್ಟೆಯಿಡಿ (ಬೇಗ ತಣ್ಣಗಾಗುತ್ತದೆ, ಮತ್ತೆ ಮತ್ತೆ ಅದ್ದಬೇಕು), ಆಮೇಲೆ ರೆಪ್ಪೆಯನ್ನು ಅಂಚಿನತ್ತ ಮೆಲ್ಲಗೆ ನೀವಿ, ಒರೆಸಿ.

ಬೆಳಕಿಗೆ ಕಣ್ಣು ಬಿಡದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ದೃಷ್ಟಿ ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.